ಮುದ್ದೆ ಕೋಲು ಹಿಡಿದು ಒಲೆ ಅಂಗಡಿಗೆ

ಗ್ಯಾಸ್ ಒಲೆ ಕೊಳ್ಳಲು ಹೋಗುವವರು ಕೈಯಲ್ಲಿ ಏನು ಹಿಡಿದುಕೊಂಡು ಹೋಗುತ್ತಾರೆ? ಹೆಚ್ಚೆಂದರೆ ಪಕ್ಕದ ಮನೆಯವರು ಬರೆದುಕೊಟ್ಟ ಕಂಪನಿ ಹೆಸರಿನ ಚೀಟಿ. ನಮ್ಮ ಶಾಲೆಯ ಅಡುಗೆ ಅಕ್ಕ ಮಾತ್ರ ಒಂದು ಮುದ್ದೆ ಕೋಲು, ಪಾತ್ರೆ ಅಲುಗದಂತೆ ಒತ್ತಿ ಹಿಡಿಯುವ ಕವೆಗೋಲು, ತಳ ಸವೆದ ಒಂದು ಅಲ್ಯೂಮಿನಿಯಂ ಪಾತ್ರೆ, ಇಷ್ಟನ್ನೂ ಗೊಬ್ಬರದ ಚೀಲದಲ್ಲಿ ಹೊಲಿದ ಬ್ಯಾಗಿಗೆ ತುಂಬಿಕೊಂಡು ಹೋಗುತ್ತಿದ್ದರು. ಮಧುಗಿರಿಯ ಪಾತ್ರೆ ಅಂಗಡಿಯವನಿಗೆ ಆ ಕೋಲಿನ ತುದಿ ಬೀದಿಯಲ್ಲಿ ಕಂಡರೆ ಸಾಕು, "ಬಂದ್ರಪ್ಪಾ ನಮ್ ಇನ್ಸ್‌ಪೆಕ್ಟ್ರು" ಎಂದು ಎದ್ದು ನಿಲ್ಲುತ್ತಿದ್ದ. ಭಯಕ್ಕೋ ಮರ್ಯಾದೆಗೋ ನನಗೆ ಇವತ್ತಿಗೂ ಗೊತ್ತಿಲ್ಲ.

ನಾನು ಕೊರಟಗೆರೆಯವಳು. ಮದುವೆಯಾಗಿ ಮಧುಗಿರಿಗೆ ಬಂದೆ. ಮಿಡಿಗೇಶಿ ಕಡೆಯ ಶಾಲೆಯೊಂದರಲ್ಲಿ ಪಾಠ ಮಾಡುತ್ತೇನೆ, ದಿನಾ ಬಸ್ಸು. ಅಕ್ಕ ಆ ಶಾಲೆಯ ಬಿಸಿಯೂಟದ ಮುಖ್ಯ ಅಡುಗೆಯವರು. ಹೆಸರು ಹಿಡಿದು ಕರೆದವರನ್ನು ನಾನು ನೋಡಿಲ್ಲ. ಹೆಡ್‌ಮೇಷ್ಟ್ರಿಂದ ಒಂದನೇ ಕ್ಲಾಸಿನ ಪುಟಾಣಿಯವರೆಗೆ ಎಲ್ಲರಿಗೂ ಅವರು ಅಕ್ಕ. ಕುಳ್ಳಗಿನ ಗಟ್ಟಿ ಆಳು, ಸೀರೆಯ ಸೆರಗು ಯಾವಾಗಲೂ ಸೊಂಟಕ್ಕೆ ಸಿಕ್ಕಿಸಿದ್ದು. ಯಾವ ವಸ್ತುವನ್ನು ಕಂಡರೂ ಅದರ ಮೇಲೆ ಅಂಗೈ ಊರಿ, ಮೈಭಾರ ಬಿಟ್ಟು ಒತ್ತಿ ನೋಡುವುದು ಅವರ ಚಾಳಿ. ಹೆಡ್‌ಮೇಷ್ಟ್ರಿಗೆ ಹೊಸ ಕುರ್ಚಿ ಬಂದ ದಿನ ಅವರು ಕೂರುವ ಮೊದಲೇ ಅಕ್ಕ ಬಂದು ಅದರ ಎರಡೂ ಕೈಗಳನ್ನು ಒತ್ತಿ ಅಲ್ಲಾಡಿಸಿ, "ಕೂತ್ಕಳಿ ಸಾರ್, ಎರಡು ವರ್ಷ ಏನೂ ಆಗಲ್ಲ" ಎಂದು ಅಪ್ಪಣೆ ಕೊಟ್ಟು ಹೋದರು. ಎರಡು ವರ್ಷವಾದ ಮೇಲೆ ಅದರ ಒಂದು ಕಾಲು ಸಡಿಲಾಯಿತು. ದೇವರಾಣೆಗೂ ಸುಳ್ಳಲ್ಲ.

ನಾನು ಮೊದಲ ಸಲ ಅವರ ಜೊತೆ ಒಲೆ ಅಂಗಡಿಗೆ ಹೋದದ್ದು ಬರೀ ಕುತೂಹಲಕ್ಕೆ. ಹೆಡ್‌ಮೇಷ್ಟ್ರ ಮನೆಗೆ ಒಲೆ ಬೇಕಿತ್ತು, ಆರಿಸಿಕೊಡಲು ಎಲ್ಲರ ಹಾಗೆ ಅವರೂ ಅಕ್ಕನನ್ನೇ ಕರೆದಿದ್ದರು. ಶಾಲೆ ಬಿಟ್ಟ ಮೇಲೆ ಒಂದೇ ಬಸ್ಸಿನಲ್ಲಿ ಮಧುಗಿರಿಗೆ ಬಂದೆವು. ಹೆಡ್‌ಮೇಷ್ಟ್ರ ಹೆಂಡತಿ ಅಂಗಡಿಯ ಹತ್ತಿರ ಕಾಯುತ್ತಿದ್ದರು. ಅಕ್ಕ ಒಲೆಗಳನ್ನು ನೋಡಲೇ ಇಲ್ಲ, ಮೊದಲು ಅವರನ್ನು ಕೇಳಿದರು:

"ಮನೇಲಿ ಮುದ್ದೆ ತೊಳಸೋರು ಯಾರು?"

"ನಾನೇ ಕಣಕ್ಕ."

"ಯಾವ ಕೈ?"

ಆಕೆ ಎಡಗೈ ಎತ್ತಿದರು. ಅಕ್ಕ ಅಂಗಡಿಯವನ ಕಡೆ ತಿರುಗಿ, "ದೊಡ್ಡ ಬರ್ನರು ಎಡಕ್ಕಿರೋದು ತೆಗೀರಿ" ಎಂದರು. ನಾನು ಎಂ.ಎ., ಬಿ.ಎಡ್. ಮಾಡಿದವಳು, ಒಲೆಗೂ ಎಡಗೈ ಬಲಗೈ ಇರುತ್ತದೆ ಎಂದು ಅವತ್ತು ತಿಳಿಯಿತು.

ಅಂಗಡಿಯವನು ಮೂರು ಒಲೆ ತಂದು ಸಾಲಾಗಿ ಇಟ್ಟ. "ಅಕ್ಕ, ಇದು ಲೇಟೆಸ್ಟು" ಎಂದ.

"ಲೇಟೆಸ್ಟು ಇರ್ಲಿ, ಬೋರಲು ಹಾಕು."

"ಯಾಕಕ್ಕ?"

"ಮುಖ ಎಲ್ಲಾವೂ ತೊಳ್ಕಂಡೇ ಬಂದಿರ್ತವೆ. ನಾನು ಹೊಟ್ಟೆ ನೋಡ್ಬೇಕು."

ಮಗುಚಿ ಹಾಕಿದ ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕೂತು, ಗ್ಯಾಸು ಹರಿಯುವ ಕೊಳವೆಯನ್ನು ಬೆರಳಿನಿಂದ ಸವರಿದರು. ತಗಡು ಕೂಡಿಸಿದ ಕಡೆ ಸ್ಕ್ರೂ ಇದೆಯೋ, ಒತ್ತಿ ಕೂರಿಸಿದ್ದಾರೋ ನೋಡಿದರು. "ಸ್ಕ್ರೂ ಇದ್ರೆ ಬಿಚ್ಬೋದು. ಬಿಚ್ಚಾಕೆ ಆಗದೇ ಇರೋದು ಕೆಟ್ರೆ ಗುಜರಿಗೇ." ಬೆರಳ ಗೆಣ್ಣಿನಿಂದ ತಗಡನ್ನು ಕುಟ್ಟಿ ಕಿವಿಗೊಟ್ಟರು. ಬರ್ನರು ಎತ್ತಿ ಅಂಗೈಯಲ್ಲಿ ತೂಗಿ ಹಿತ್ತಾಳೆ ಹೌದೋ ಅಲ್ಲವೋ ಹೇಳಿದರು. ಆಮೇಲೆ ಒಲೆಯನ್ನು ಸರಿಯಾಗಿ ಇಟ್ಟು, ಅದರ ಮೇಲೆ ತಮ್ಮ ಪಾತ್ರೆ ಕೂರಿಸಿ, ಕವೆಗೋಲಿನಿಂದ ಪಾತ್ರೆಯ ಕಂಠ ಒತ್ತಿ ಹಿಡಿದು, ಕೋಲು ಇಳಿಸಿ, ಖಾಲಿ ಪಾತ್ರೆಯಲ್ಲಿ ಇಲ್ಲದ ಮುದ್ದೆಯನ್ನು ಹೊಟ್ಟೆ ಕಿತ್ತು ಬರುವಂತೆ ತೊಳಸಿದರು! ಅಂಗಡಿಯವನು ಮೇಜು ಹಿಡಿದುಕೊಂಡ. ಪಕ್ಕದ ಬಟ್ಟೆ ಅಂಗಡಿಯವರು ಬಂದು ಬಾಗಿಲಲ್ಲಿ ನಿಂತರು. ಮೊದಲನೇ ಒಲೆ ಮೇಜಿನ ಮೇಲೆ ಅರ್ಧ ಗೇಣು ಜರುಗಿತು. ಎರಡನೆಯದು ಜರುಗಲಿಲ್ಲ, ಆದರೆ ಪಾತ್ರೆ ಕೂರುವ ಸ್ಟ್ಯಾಂಡು ಕುಣಿಯಿತು. ಮೂರನೆಯದು ಕೂತಲ್ಲೇ ಕೂತಿತ್ತು.

"ಇದು ನಮ್ ಕಡೆ ಒಲೆ" ಎಂದರು.

ನಮ್ಮ ಕಡೆಯ ಸಂಗತಿಯೇ ಅದು. ಅನ್ನ, ಸಾರು, ಪಲ್ಯ ಒಲೆಯ ಮೇಲೆ ಸುಮ್ಮನೆ ಕೂತು ಬೇಯುತ್ತವೆ. ಮುದ್ದೆ ಹಾಗಲ್ಲ. ಎಸರಿನಲ್ಲಿ ರಾಗಿ ಹಿಟ್ಟು ಬೆಂದ ಮೇಲೆ ಅದನ್ನು ಕೋಲಿನಿಂದ ಮೈಭಾರ ಹಾಕಿ ತೊಳಸಬೇಕು, ಇಲ್ಲದಿದ್ದರೆ ಗಂಟು. ಮಣ್ಣಿನ ಒಲೆಯ ಕಾಲದಲ್ಲಿ ಆ ಭಾರ ನೆಲಕ್ಕೆ ಹೋಗುತ್ತಿತ್ತು. ಈಗ ಇಷ್ಟು ತೆಳ್ಳಗಿನ ತಗಡಿನ ಮೇಲೆ ಹೋಗುತ್ತದೆ. ಒಲೆ ಮಾಡುವ ಕಂಪನಿಯವರು ಯಾರೂ ಮುದ್ದೆ ತಿನ್ನುವುದಿಲ್ಲ ಎನ್ನುವುದು ಅಕ್ಕನ ಖಚಿತ ಅಭಿಪ್ರಾಯವಾಗಿತ್ತು.

ಬೆಲೆಯ ವಿಷಯದಲ್ಲೂ ಅವರದೊಂದು ಲೆಕ್ಕಾಚಾರ. ಯಾವಾಗಲೂ ನಡುವಿನ ಸಾಲಿಗೇ ಕೈ ಹಾಕುವವರು. "ಕಡಿಮೇದು ತಗಂಡ್ರೆ ದಿನಾ ಅದನ್ನ ಬೈಕಂಡು ಇರ್ಬೇಕು. ಜಾಸ್ತೀದು ತಗಂಡ್ರೆ ದಿನಾ ಅದನ್ನ ಒರೆಸ್ಕಂಡು ಇರ್ಬೇಕು. ನಡುವಿಂದು ತಗಂಡ್ರೆ ಅಡುಗೆ ಮಾಡ್ಕಂಡು ಇರ್ಬೋದು ಮೇಡಂ."

ನಮ್ಮ ಪಿ.ಟಿ. ಮೇಷ್ಟ್ರದೊಂದು ಕಥೆ ಹೇಳದಿದ್ದರೆ ಅಕ್ಕ ಪೂರ್ತಿಯಾಗುವುದಿಲ್ಲ. ಅವರು ಪಾವಗಡದವರು, ಮಾತಿನಲ್ಲಿ ಅರ್ಧ ತೆಲುಗು, ಊಟದಲ್ಲಿ ಮುಕ್ಕಾಲು ಕೋಳಿ. ಎಲ್ಲೋ ವಿಡಿಯೊದಲ್ಲಿ ನೋಡಿ, ಮನೆಯ ತಾರಸಿ ಮೇಲೆ ಕೋಳಿ ಸುಡಲು ಗ್ಯಾಸ್ ಗ್ರಿಲ್ ತಗೊಳ್ಳಬೇಕೆಂದು ಹಟ ಹಿಡಿದರು. ಯಾವುದನ್ನು ತಗೊಳ್ಳುವುದು ಎಂದು ತಿಂಗಳುಗಟ್ಟಲೆ ಫೋನು ಉಜ್ಜಿದರು. ಕೊನೆಗೆ ಬೇರೆ ದಾರಿ ಕಾಣದೆ ಅಕ್ಕನನ್ನು ತುಮಕೂರಿಗೆ ಕರೆದುಕೊಂಡು ಹೊರಟರು. ನಾನು ಬಿಡುತ್ತೇನೆಯೇ? ಹಿಂದೆಯೇ ಹೋದೆ.

ದೊಡ್ಡ ಶೋರೂಮು. ಮುಚ್ಚಳವಿರುವ, ಚಕ್ರವಿರುವ, ನಮ್ಮ ಸೊಂಟದ ಎತ್ತರದ ಗ್ರಿಲ್ಲುಗಳು. ಅಕ್ಕ ಅದನ್ನು ಒಂದು ಸುತ್ತು ಹಾಕಿದರು.

"ಏನ್ ಮೇಷ್ಟ್ರೇ, ಒಲೆ ಅಂದ್ರಿ, ಇದು ಪೆಟ್ಟಿಗೆ!"

"ಇದಿ ಪೊಯ್ಯಿ ಕಾದಕ್ಕಾ! ಒಲೆ ಅಲ್ಲ, ಗ್ರಿಲ್ಲು!"

"ಬೆಂಕಿ ಹತ್ತೋದೆಲ್ಲಾ ಒಲೇನೇ" ಎಂದವರೇ ಮುಚ್ಚಳ ಎತ್ತಿ ಕೈಬಿಟ್ಟರು. ಢಣ್ ಎಂದು ಬಿತ್ತು. ತಗಡು ಗಟ್ಟಿ. ಕೋಳಿ ಇಡುವ ಜಾಲರಿಯನ್ನು ಎತ್ತಿ, "ಎರಕದ್ದಾ? ಆಗ್ಲಿ. ತಂತೀದು ಬ್ಯಾಡ, ಆರು ತಿಂಗ್ಳಿಗೆ ಸೊಟ್ಟಗಾಯ್ತೈತೆ" ಎಂದರು. ಕೊಬ್ಬು ತೊಟ್ಟಿಕ್ಕಿ ಎಲ್ಲಿ ಬೀಳುತ್ತದೆ ಎಂದು ಕೇಳಿದರು. ಅಂಗಡಿಯವನು ಕೆಳಗಿನ ತಟ್ಟೆ ತೋರಿಸಿದ. "ಇದು ಸಲೀಸಾಗಿ ಈಚೆಗೆ ಬರ್ತೈತಾ? ಇದು ಬರ್ಲಿಲ್ಲ ಅಂದ್ರೆ ಇಲಿ ಬರ್ತವೆ" ಎಂದು ತಾವೇ ಎಳೆದು ನೋಡಿದರು. ಆರು ಬರ್ನರಿನದನ್ನು ಮೇಷ್ಟ್ರು ಆಸೆಯಿಂದ ನೋಡುತ್ತಿದ್ದರೆ, "ಯಾಕೆ, ಬೀಗರ ಊಟ ಮಾಡಿಸ್ತೀರಾ? ನಾಲ್ಕು ಜನಕ್ಕೆ ಮೂರು ಸಾಕು ಬುಡಿ" ಎಂದು ನಡುವಿನ ಬೆಲೆಯದರ ಹತ್ತಿರ ತಂದು ನಿಲ್ಲಿಸಿದರು.

ಇಷ್ಟಕ್ಕೇ ಮುಗಿಸಿದ್ದರೆ ಅವರು ಅಕ್ಕನೇ ಅಲ್ಲ. ಗ್ರಿಲ್ಲಿನ ಪಕ್ಕಕ್ಕೆ ಒಂದು ಚಿಕ್ಕ ಒಲೆಯೂ ಅಂಟಿಕೊಂಡಿತ್ತು. ಅದರ ಮೇಲೆ ಪಾತ್ರೆ ಇಟ್ಟು, ಕೋಲು ಇಳಿಸಿ ಶುರುಮಾಡಿದರು ನೋಡಿ, ಗ್ರಿಲ್ಲು ಚಕ್ರದ ಮೇಲೆ ಹೊರಟೇಬಿಟ್ಟಿತು! ಅಕ್ಕ ಕೋಲು ಬಿಡಲಿಲ್ಲ, ಅದರ ಹಿಂದೆಯೇ ನಾಲ್ಕು ಹೆಜ್ಜೆ ಓಡಿದರು. ಫ್ರಿಡ್ಜುಗಳ ಸಾಲಿಗೆ ಗುದ್ದುವ ಮೊದಲು ಪಿ.ಟಿ. ಮೇಷ್ಟ್ರು ಅಡ್ಡ ಹಾರಿ ತಡೆದರು. ಇಡೀ ಶೋರೂಮು ನಕ್ಕಿತು, ಎಲ್ಲರಿಗಿಂತ ಜೋರಾಗಿ ಅಕ್ಕ ನಕ್ಕರು. ನಕ್ಕು ಕಣ್ಣೊರೆಸಿಕೊಂಡು, "ಚಕ್ರಕ್ಕೆ ಬ್ರೇಕ್ ಇರೋದು ಕೊಡಪ್ಪ" ಎಂದರು. ಮೇಷ್ಟ್ರ ತಾರಸಿಯಲ್ಲಿ ಆ ಗ್ರಿಲ್ಲು ಇವತ್ತಿಗೂ ಇದೆ. ಮಳೆ ಬಂದಾಗ ಅಕ್ಕ ಹೇಳಿದ ಹಾಗೆ ಹಳೇ ಟಾರ್ಪಾಲು ಹೊದಿಸುತ್ತಾರೆ.

ಇಷ್ಟು ಜನಕ್ಕೆ ಒಲೆ ಆರಿಸಿಕೊಟ್ಟ ಈ ಮನುಷ್ಯೆಯ ಮನೆಯಲ್ಲಿ ಎಂಥ ಒಲೆ ಇರಬಹುದು? ಈ ಪ್ರಶ್ನೆ ನನ್ನ ತಲೆಯೊಳಗೆ ಹೊಕ್ಕು ಕೂತಿತು. ಕೇಳಿದರೆ, "ನಂದು ಬುಡಿ ಮೇಡಂ, ನಂದೂ ಒಂದು ಒಲೆನಾ" ಎಂದು ಮಾತು ಹಾರಿಸುತ್ತಿದ್ದರು. ಊರಲ್ಲೇ ಇರುವ ಮಗಳು ಅಳಿಯನ ಜೊತೆ ಅವರ ವಾಸ. ಮನೆಗೆ ಎರಡು ಸಲ ಹೋಗಿದ್ದೆ, ಎರಡು ಸಲವೂ ಜಗಲಿಯ ಮೇಲೇ ಕಾಫಿ ಕೊಟ್ಟು ಕಳಿಸಿದರು. ಇಣುಕಿ ನೋಡಲು ಮಾನ ಅಡ್ಡ ಬಂತು.

ಇನ್ನು ನನ್ನ ವಿಷಯ. ಹೇಳಲು ನಾಚಿಕೆ, ಆದರೂ ಹೇಳುತ್ತೇನೆ.

ಮಧುಗಿರಿಯಲ್ಲಿ ಮನೆ ಕಟ್ಟಿಸಿ ಗೃಹಪ್ರವೇಶ ಇಟ್ಟುಕೊಂಡೆವು. ಹೊಸ ಅಡುಗೆಮನೆಗೆ ಗಾಜಿನ ಒಲೆಯೇ ಬೇಕೆಂದು ನನಗೆ ಆಸೆ. ಕಪ್ಪಗೆ ಹೊಳೆಯುವ ಗಾಜು, ಮೂರು ಬರ್ನರು, ಗಾಜಿನ ಮೂಲೆಯಲ್ಲಿ ಬೆಳ್ಳಿ ಬಣ್ಣದ ಹೂಬಳ್ಳಿ. ಶಾಲೆಯಲ್ಲಿ ಫೋನಿನ ಫೋಟೊ ತೋರಿಸಿದೆ. ಅಕ್ಕ ದೂರ ಹಿಡಿದು ನೋಡಿದರು.

"ಚೆನ್ನಾಗೈತೆ ಮೇಡಂ. ಮುಖ ನೋಡ್ಕಳಾಕೆ."

"ತಮಾಷೆ ಬಿಡಿ ಅಕ್ಕ. ತಗೊಳ್ಳಲೋ ಬೇಡವೋ?"

"ಮನೇಲಿ ಮುದ್ದೆ ತೊಳಸೋರು ಯಾರು?"

ನಮ್ಮ ಮನೆಯಲ್ಲಿ ಮುದ್ದೆ ತೊಳಸುವವರು ನಮ್ಮ ಅತ್ತೆ. ಹುಲಿಕುಂಟೆ ಕಡೆಯವರು, ಎಪ್ಪತ್ತು ದಾಟಿದ್ದರೂ ಅವರ ಮುದ್ದೆಗೆ ನೆಂಟರು ನೆಪ ಮಾಡಿಕೊಂಡು ಬರುತ್ತಿದ್ದರು. ಮಂಡಿ ಮಡಿಸಲು ಆಗುತ್ತಿರಲಿಲ್ಲ, ಹಾಗಾಗಿ ನೆಲಕ್ಕೆ ಇಳಿಸಿಕೊಳ್ಳದೆ ಒಲೆಯ ಮೇಲೇ, ನಿಂತುಕೊಂಡೇ ತೊಳಸುತ್ತಿದ್ದರು. ನಿಜ ಹೇಳಿದರೆ ಅಕ್ಕ ಗಾಜಿನ ಒಲೆ ಬೇಡ ಎನ್ನುತ್ತಾರೆ. ಅದಕ್ಕೆ ನಾನು, "ನಾನೇ ಅಕ್ಕ. ಕೆಳಗಿಳಿಸಿಕೊಂಡು ತೊಳಸ್ತೀನಿ" ಎಂದೆ.

ಅಕ್ಕ ನನ್ನ ಮುಖ ನೋಡಿದರು. ಆಮೇಲೆ ನನ್ನ ಕೈ ನೋಡಿದರು. "ಅಂಗಾರೆ ತಗಳಿ" ಎಂದು ಬೇಳೆ ಕೇರಲು ಹೋದರು.

ಅದಾಗಿ ಎರಡು ತಿಂಗಳಿಗೆ, ಒಂದು ಭಾನುವಾರ ಬೆಳಗ್ಗೆ, ನಾನು ತಾರಸಿಯಲ್ಲಿ ಬಟ್ಟೆ ಒಣಹಾಕುತ್ತಿದ್ದೆ. ಕೆಳಗೆ ಪಟಾಕಿ ಹೊಡೆದ ಹಾಗೆ ಸದ್ದು. ಓಡಿ ಬಂದರೆ ಅಡುಗೆಮನೆ ತುಂಬ ಗಾಜಿನ ಹರಳು, ಪಾತ್ರೆ ಬೋರಲು ಬಿದ್ದಿದೆ, ಕುದಿಯುವ ಹಿಟ್ಟು ಅತ್ತೆಯ ಎಡಗಾಲಿನ ಮೇಲೆ. ಅವರು ಕೋಲು ಹಿಡಿದುಕೊಂಡು ಹಾಗೇ ನಿಂತಿದ್ದರು, ಅಳಲೂ ಇಲ್ಲ. ನಮ್ಮ ಯಜಮಾನರು ಗ್ಯಾಸು ಆರಿಸಿ ಅವರನ್ನು ಎತ್ತಿಕೊಂಡು ಆಸ್ಪತ್ರೆಗೆ ಓಡಿದರು.

ಕಾಲು ಒಂದೂವರೆ ತಿಂಗಳಿಗೆ ವಾಸಿಯಾಯಿತು. ಆದರೆ ಅತ್ತೆ ಅಡುಗೆಮನೆಗೆ ಬರುವುದನ್ನು ಬಿಟ್ಟರು. "ನನ್ ಕೈ ಹಿಡಿತ ಹೋಗೈತೆ ಕಣಮ್ಮ. ಅಷ್ಟು ಚೆಂದಾಗಿರೋ ಒಲೇನ ಒಡೆದು ಹಾಕ್ಬುಟ್ಟೆ" ಎಂದು ನನ್ನ ಹತ್ತಿರವೇ ಕ್ಷಮೆ ಕೇಳಿದರು. ತಪ್ಪು ನನ್ನದು ಅತ್ತೆ ಎಂದು ಅವತ್ತೇ ಹೇಳಬೇಕಿತ್ತು. ಬಾಯಿ ಬರಲಿಲ್ಲ. "ಬಿಡಿ ಅತ್ತೆ, ಇನ್ನು ಮೇಲೆ ನೀವು ಆರಾಮಾಗಿರಿ" ಎಂದೆ. ಅದು ಇನ್ನೊಂದು ತಪ್ಪು. ಅವರು ನಿಜವಾಗಿಯೂ ಹಜಾರದ ಮೂಲೆಯ ಕುರ್ಚಿ ಹಿಡಿದು ಕೂತುಬಿಟ್ಟರು. ನಾನು ಗಂಟು ಗಂಟಾಗಿ ಮಾಡಿದ ಮುದ್ದೆಯನ್ನು ಒಂದು ಮಾತೂ ಆಡದೆ ಉಣ್ಣುತ್ತಿದ್ದರು. ಬೈದಿದ್ದರೆ ಎಷ್ಟೋ ಸಮಾಧಾನವಾಗುತ್ತಿತ್ತು.

ಅಕ್ಕನಿಗೆ ಗೊತ್ತಾದ ಮೇಲೆ ಮನೆಗೆ ಬಂದರು. ನನ್ನ ಸುಳ್ಳಿನ ಬಗ್ಗೆ ಚಕಾರ ಎತ್ತಲಿಲ್ಲ. ಒಡೆದ ಒಲೆಯ ಅಸ್ಥಿಪಂಜರ ಹಿತ್ತಲಲ್ಲಿ ಬಿದ್ದಿತ್ತು. ಅದರ ಬರ್ನರುಗಳನ್ನು ಎತ್ತಿ ತೂಗಿ ನೋಡಿದರು. ದೊಡ್ಡದರ ಅಂಚಿನಲ್ಲಿ ಅರ್ಧ ಕಡಲೆಯಷ್ಟು ಚೂರು ಹಾರಿತ್ತು. "ಗಾಜು ಹೋಯ್ತು, ಹಿತ್ತಾಳೆ ಏನ್ ಪಾಪ ಮಾಡ್ತು? ನಂಗೆ ಕೊಡಿ" ಎಂದು ಬ್ಯಾಗಿಗೆ ಹಾಕಿಕೊಂಡರು. ಗುಜರಿಗೆ ಕೊಡುತ್ತಾರೇನೋ ಅಂದುಕೊಂಡೆ. ಆಮೇಲೆ ಹಜಾರಕ್ಕೆ ಹೋಗಿ ಅತ್ತೆಯ ಮುಂದೆ ಕೂತರು.

"ಅಮ್ಮ, ಒಲೆ ತರಾಕೆ ಹೋಗಾಣ ನಡೀರಿ."

"ನಂಗ್ಯಾಕೆ ಕಣಮ್ಮ ಒಲೆ? ನಿಮ್ ಮೇಡಮ್ಮುನ್ನ ಕರ್ಕಂಡು ಹೋಗು."

"ಅವ್ರು ತೊಳಸಲ್ವಲ್ಲ. ತೊಳಸೋರು ಬರ್ಬೇಕು."

ಅತ್ತೆಯನ್ನು ಹೊರಡಿಸಲು ಅಕ್ಕ ಮೂರು ವಾರ ತಿರುಗಿದರು. ಮಧುಗಿರಿಯ ಅಂಗಡಿ ಅಂದರೆ ಅತ್ತೆ ಒಲ್ಲೆ, ಗುರುತಿನವರು ಕೇಳುತ್ತಾರೆ ಎಂದು ನಾಚಿಕೆ. ಸರಿ, ಅವರ ತವರಿನ ಕಡೆಯ ಶಿರಾಕ್ಕೇ ಹೋದೆವು. ಅಲ್ಲಿನ ಹಳೇ ಅಂಗಡಿಯ ಸಾಹೇಬರು ಬಿಳಿ ಗಡ್ಡದ, ನಿಧಾನದ ಮನುಷ್ಯ. ಅಕ್ಕ ಎಂದಿನಂತೆ ಬೋರಲು ಹಾಕಿಸಿ, ಕುಟ್ಟಿ, ತೂಗಿ, ನಡುವಿನ ಸಾಲಿನಿಂದ ಎರಡು ಬರ್ನರಿನ ಒಂದು ಸ್ಟೀಲಿನ ಒಲೆ ಎತ್ತಿಟ್ಟರು. ಅಗಲವಾದ ಕಾಲು, ದಪ್ಪ ಸ್ಟ್ಯಾಂಡು. ನೋಡಲು ಏನೇನೂ ಇಲ್ಲ. ಪಾತ್ರೆ ಇಟ್ಟು, ಕೋಲನ್ನು ಅತ್ತೆಯ ಕಡೆ ಚಾಚಿದರು.

ಅತ್ತೆ ಕೈ ಹಿಂದಕ್ಕೆ ಎಳೆದುಕೊಂಡರು. "ಬ್ಯಾಡ ಕಣಮ್ಮ, ಇದನ್ನೂ ಒಡೆದು ಹಾಕ್ತೀನಿ."

"ಒಡೆದು ಹಾಕ್ರಮ್ಮ! ಒಡೆದ್ರೆ ಇದು ನಮ್ಗೆ ಬ್ಯಾಡ ಅಂತ ಗೊತ್ತಾಯ್ತೈತೆ. ಏನ್ ಸಾಹೇಬ್ರೇ, ಒಡೆದ್ರೆ ನಿಮ್ದು ತಾನೇ?"

"ಬಿಲ್ಕುಲ್ ನಮ್ದೇ. ಒಡೀರಿ ಅಮ್ಮಾ, ನೋಡೇ ಬುಡಾಣ" ಎಂದರು ಸಾಹೇಬರು.

ಅತ್ತೆ ನಕ್ಕರು. ಅಷ್ಟು ದಿನಗಳಲ್ಲಿ ಅದೇ ಮೊದಲ ನಗು. ಆದರೆ ಕೋಲು ಮುಟ್ಟಲಿಲ್ಲ, ಒಲೆಯ ಮೇಲೆ ಒಂದು ಸಲ ಅಂಗೈ ಊರಿ ತೆಗೆದರು ಅಷ್ಟೆ. ಅಕ್ಕನೇ ತೊಳಸಿ ನೋಡಿ, ಒಲೆ ಕಟ್ಟಿಸಿದರು.

ಮನೆಗೆ ತಂದು ಕೂರಿಸಿದಾಗ ಅಕ್ಕ ಇನ್ನೊಂದು ಕೊರತೆ ಕಂಡುಹಿಡಿದರು. ಅಡುಗೆಕಟ್ಟೆ ನನ್ನ ಎತ್ತರಕ್ಕೆ ಕಟ್ಟಿಸಿದ್ದು, ಅತ್ತೆ ನನಗಿಂತ ಗೇಣು ಕುಳ್ಳು. ಕೋಲು ಹಿಡಿದರೆ ಅವರ ಮೊಣಕೈ ಭುಜದ ಮಟ್ಟಕ್ಕೆ ಬರುತ್ತದೆ. "ಕೈ ಕೆಳಕ್ಕೆ ಇಳಿದ್ರೆ ಬಲ, ಮೇಲಕ್ಕೆ ಹೋದ್ರೆ ಎಲ್ಲಿಂದ ಬರ್ಬೇಕು? ಒಲೆ ಇಳಿಸಾಕೆ ಆಗಲ್ಲ, ಸಿಲಿಂಡ್ರು ಅದ್ಕಿಂತ ಕೆಳಗೇ ಇರ್ಬೇಕು. ಅದ್ಕೇ ಅಮ್ಮನ್ನೇ ಎತ್ರಿಸಾಣ." ಮುಂದಿನ ವಾರ ಮಿಡಿಗೇಶಿಯಿಂದ ಆಟೋದಲ್ಲಿ ಒಂದು ಕಲ್ಲು ಚಪ್ಪಡಿ ಬಂತು. ಅದನ್ನು ಒಲೆಯ ಮುಂದೆ, ಇಬ್ಬರು ನಿಲ್ಲುವಷ್ಟು ಅಗಲಕ್ಕೆ, ಅಲ್ಲಾಡದಂತೆ ಗಾರೆ ಹಾಕಿಸಿ ಕೂರಿಸಿದರು. ಅಡುಗೆಮನೆಯ ಅಂದವೆಲ್ಲಾ ಹೋಯಿತು. ನನಗೆ ಬಾಯಿ ತೆಗೆಯುವ ಧೈರ್ಯವಿರಲಿಲ್ಲ.

ಅತ್ತೆ ಬಂದು ಚಪ್ಪಡಿ ನೋಡಿದರು, ಹತ್ತಲಿಲ್ಲ.

ಅಲ್ಲಿಂದ ಶುರುವಾಯಿತು ಶನಿವಾರದ ನಾಟಕ. ಶನಿವಾರ ಅರ್ಧ ದಿನ ಶಾಲೆ. ಅಕ್ಕ ನನ್ನ ಜೊತೆಗೇ ಬಸ್ಸು ಹತ್ತಿ ನಮ್ಮ ಮನೆಗೆ ಬರುತ್ತಿದ್ದರು. ಹಜಾರದಿಂದ ಅಡುಗೆಮನೆ ಕಾಣುವಂತೆ ಅತ್ತೆಯ ಕುರ್ಚಿ ತಿರುಗಿಸಿ, ತಾವು ಚಪ್ಪಡಿ ಹತ್ತಿ ಮುದ್ದೆಗೆ ಇಡುತ್ತಿದ್ದರು. ಇನ್ನೂರು ಮಕ್ಕಳಿಗೆ ದಿನಾ ಅಡುಗೆ ಮಾಡುವ, ಊರಿನ ಬೀಗರ ಊಟಕ್ಕೆಲ್ಲ ಮುದ್ದೆ ತೊಳಸುವ ಅಕ್ಕ ನಮ್ಮ ಮನೆಯಲ್ಲಿ ಮಾಡಿದ್ದು ನನಗಿಂತ ಕಡೆ!

"ಅಯ್ಯೋ, ಅದೇನಮ್ಮ, ಎಸರು ಕುದಿಯಾಕೆ ಮುಂಚೇನೇ ಹಿಟ್ಟು ಸುರುದ್ಬುಟ್ಟೆ!" ಎಂದು ಅತ್ತೆ ಕುರ್ಚಿಯಿಂದಲೇ ಕೂಗುವರು.

"ಅಂಗಾರೆ ಯಾವಾಗ ಹಾಕ್ಬೇಕಮ್ಮ?"

"ಗಂಟು ಕಾಣ್ತಾ ಇಲ್ವೇನಮ್ಮ ನಿಂಗೆ? ಅಲ್ಲಿ, ಬಲಗಡೆ!"

"ನಂಗೆ ಕಣ್ಣು ಮಂಜು. ನೀವೇ ಬಂದು ತೋರ್ಸಿ."

ಅತ್ತೆ ಬರುತ್ತಿರಲಿಲ್ಲ. ಬಾಗಿಲವರೆಗೆ ಬಂದು ನಿಂತದ್ದುಂಟು.

ಒಂದು ಶನಿವಾರ ಬಸ್ ಸ್ಟ್ಯಾಂಡಿಗೆ ಬಿಡಲು ಹೋದಾಗ ಕೇಳಿಯೇಬಿಟ್ಟೆ. "ಅಕ್ಕ, ನೀವು ಬೇಕೂಂತ ಗಂಟು ಬಿಡ್ತೀರ, ಅಲ್ವಾ?"

"ಗಂಟು ಬುಡೋದು ಸಲೀಸು ಅನ್ಕಂಡ್ರಾ ಮೇಡಂ? ನಲವತ್ತು ವರ್ಷ ಬುಡದೇ ಇರೋ ಕೈ ಇದು. ಎಷ್ಟು ಕಷ್ಟಪಟ್ಟು ಬುಡ್ತಾ ಇದೀನಿ ನಂಗೇ ಗೊತ್ತು!" ನಕ್ಕರು. ಆಮೇಲೆ ಬಸ್ಸು ಬರುವ ಕಡೆ ನೋಡುತ್ತಾ, "ಅವ್ರ ಕೈಗೆ ಏನೂ ಆಗಿಲ್ಲ. ಹೆದ್ರೈತೆ ಅಷ್ಟೆ. ಅವತ್ತು ನೀವು 'ನಾನೇ' ಅಂದಾಗ ನಾನು ಇನ್ನೊಂದು ಸಲ ಕೇಳ್ಬೇಕಿತ್ತು ಮೇಡಂ. ನಿಮ್ ಕೈ ನೋಡಿದ್ರೇ ಗೊತ್ತಾಗಿತ್ತು ನಂಗೆ" ಎಂದರು. ಬಸ್ಸು ಬಂತು, ಹತ್ತಿ ಹೋದರು. ನನ್ನ ಸುಳ್ಳಿನ ಭಾರವನ್ನು ಅವರು ಹೊತ್ತುಕೊಂಡು ವಾರ ವಾರ ಬರುತ್ತಿದ್ದಾರೆ ಎಂದು ತಿಳಿದು ನನಗೆ ಅಲ್ಲೇ ಕಣ್ಣು ತುಂಬಿ ಬಂತು.

ಅರವತ್ತಾಯಿತೆಂದು ಅಕ್ಕನನ್ನು ಕೆಲಸದಿಂದ ಬಿಡಿಸಿದರು. ಶಾಲೆಯಲ್ಲಿ ಸೀರೆ, ಹಾರ, ಭಾಷಣ ಎಲ್ಲ ಆಯಿತು. ಶನಿವಾರ ಬರುವುದನ್ನು ಮಾತ್ರ ಬಿಡಲಿಲ್ಲ. ಒಂದು ಬುಧವಾರ ಬೆಳಗ್ಗೆ ಏಳಕ್ಕೆ ಹೆಡ್‌ಮೇಷ್ಟ್ರ ಫೋನು ಬಂತು. ನಸುಕಿನಲ್ಲಿ ಎದೆ ಹಿಡಿದುಕೊಂಡು ಕೂತ ಅಕ್ಕ ಆಸ್ಪತ್ರೆ ಮುಟ್ಟುವುದರೊಳಗೆ ಹೋಗಿಬಿಟ್ಟರಂತೆ.

ನಾನು ಹಜಾರದಲ್ಲಿ ಫೋನು ಹಿಡಿದು ಕೂತುಬಿಟ್ಟೆ. ಅತ್ತೆಗೆ ಹೇಳಿದೆ. ಸ್ವಲ್ಪ ಹೊತ್ತಿಗೆ ಯಜಮಾನರು, ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲವಲ್ಲ, ಊಟಕ್ಕೆ ಏನಾದರೂ ಹೊತ್ತುಕೊಂಡು ಹೋಗಬೇಕು, ಹೋಟೆಲಿನಿಂದ ಕಟ್ಟಿಸಲೇ ಎಂದು ಕೇಳಿದರು. ನನಗೆ ತಲೆ ಓಡಲಿಲ್ಲ. ಹೂಂ ಎನ್ನುವಷ್ಟರಲ್ಲಿ ಅಡುಗೆಮನೆಯಿಂದ ಒಂದು ಸದ್ದು ಬಂತು. ಕೋಲು ಪಾತ್ರೆಯ ತಳಕ್ಕೆ ತಾಗಿ ಉರುಳುವ ಸದ್ದು. ಕುರ್ಚಿ ಖಾಲಿ ಇತ್ತು.

ಅತ್ತೆ ಚಪ್ಪಡಿಯ ಮೇಲೆ ನಿಂತಿದ್ದರು. ಮನೆಯಲ್ಲಿದ್ದ ದೊಡ್ಡ ಪಾತ್ರೆ ಒಲೆಯ ಮೇಲೆ. ಒಂದು ಕೈಯಲ್ಲಿ ಕವೆಗೋಲು, ಇನ್ನೊಂದರಲ್ಲಿ ಕೋಲು. ಮೈಭಾರವೆಲ್ಲ ಹಾಕಿ ತೊಳಸುತ್ತಿದ್ದರು, ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು. ಒಲೆ ಒಂದು ಕೂದಲೆಳೆಯಷ್ಟೂ ಜರುಗಲಿಲ್ಲ.

"ಅತ್ತೆ" ಎಂದೆ. "ಅವತ್ತು ಆ ಗಾಜಿನ ಒಲೆ... ತಪ್ಪು ನಂದು. ನಿಜ ಹೇಳಿದ್ರೆ ಅಕ್ಕ ಬೇಡ ಅಂತಿದ್ರು. ನಾನು ಸುಳ್ಳು ಹೇಳಿ ತಂದೆ."

"ಗೊತ್ತು ಕಣಮ್ಮ. ಅವ್ಳು ಹೇಳ್ಲಿಲ್ಲ, ನಂಗೇ ಗೊತ್ತು. ಪಾತ್ರೆ ಹಿಡ್ಕ, ಜಾರ್ತೈತೆ."

ಹಿಡಿದುಕೊಂಡೆ. ನಲವತ್ತು ಮುದ್ದೆ ಕಟ್ಟಿದರು, ಎರಡು ಸಲ ಎಸರಿಟ್ಟು. ನಾನು ಬಸ್ಸಾರು ಮಾಡಿದೆ. ಆಟೋದಲ್ಲಿ ಇಟ್ಟುಕೊಂಡು ಹೊರಟೆವು.

ಮಣ್ಣು ಮುಗಿಯುವ ಹೊತ್ತಿಗೆ ಮಧ್ಯಾಹ್ನ ದಾಟಿತ್ತು. ಪಾತ್ರೆಗಳನ್ನು ಒಳಗಿಡಲು ಅಕ್ಕನ ಮಗಳು ನಮ್ಮನ್ನು ಅಡುಗೆಮನೆಗೆ ಕರೆದೊಯ್ದಳು. ಇಷ್ಟು ವರ್ಷ ನಾನು ನೋಡಬೇಕೆಂದು ಒದ್ದಾಡಿದ ಒಲೆ ಕಟ್ಟೆಯ ಮೇಲೆ ಹಚ್ಚದೆ ಕೂತಿತ್ತು. ವೆಲ್ಡಿಂಗ್ ಮಾಡಿಸಿದ ಕಬ್ಬಿಣದ ಚೌಕಟ್ಟು. ಒಂದು ತಿರುಗಣೆ ಕೆಂಪು, ಇನ್ನೊಂದು ಕಪ್ಪು. ಸ್ಟ್ಯಾಂಡುಗಳು ಒಂದಕ್ಕೊಂದು ಜೋಡಿಯಲ್ಲ. ದೊಡ್ಡ ಬರ್ನರಿನ ಅಂಚಿನಲ್ಲಿ ಅರ್ಧ ಕಡಲೆಯಷ್ಟು ಚೂರು ಹಾರಿತ್ತು. ನನ್ನ ಗಾಜಿನ ಒಲೆಯ ಬರ್ನರು!

"ಇದನ್ನ ಯಾರ್ಗೂ ತೋರಿಸ್ತಿರ್ಲಿಲ್ಲ ಮೇಡಂ ಅವ್ವ" ಎಂದಳು ಮಗಳು. "ಯಾರ್ಯಾರೋ ಅವ್ವನ ಮಾತು ಕೇಳದೆ ಒಲೆ ತಗಂಡು ಕೆಡಿಸ್ಕಂಡಿದ್ರಲ್ಲ, ಅವುನ್ನೆಲ್ಲ ತಂದು ಇಂಗೆ ಮಾಡಿಸ್ಕಂಡ್ಳು. ಕಂಡ್ರೆ ಅವ್ರಿಗೆ ಬೇಜಾರಾಯ್ತೈತೆ ಅಂತಿದ್ಳು. ಗ್ಯಾಸಿನವ್ರು ಬಂದು ಮೊದ್ಲು ಬೈದ್ರು. ಆಮೇಲೆ ಅವ್ರೇ ಸೋಪಿನ ನೊರೆ ಹಚ್ಚಿ ನೋಡಿ, ಎಲ್ಲೂ ಸೋರಲ್ಲ ಬುಡು ಅಂದ್ರು."

ಅತ್ತೆ ಮುಂದೆ ಹೋಗಿ ಆ ಒಲೆಯ ಮೇಲೆ ಅಂಗೈ ಊರಿ, ಮೈಭಾರ ಬಿಟ್ಟು ಒತ್ತಿದರು. ಅದು ಅಲ್ಲಾಡಲಿಲ್ಲ. ಇನ್ನೊಂದು ಸಲ ಒತ್ತಿದರು.

ನೆಂಟರೆಲ್ಲ ಸಾಲಾಗಿ ಕೂತರು. ಎಲೆ ಹಾಕಿ ಬಡಿಸಿದೆವು. ಮಗಳು ಬೆಳಗ್ಗೆಯಿಂದ ಒಂದು ಗುಟುಕು ನೀರೂ ಕುಡಿದಿರಲಿಲ್ಲ, ನಾನು ಬಲವಂತ ಮಾಡಿ ಕೂರಿಸಿದೆ. ಅವಳು ಮುದ್ದೆಯ ಒಂದು ತುತ್ತು ಮುರಿದು, ಬೆರಳಲ್ಲಿ ಹಿಸುಕಿ ನೋಡಿ, ತಾಯಿಯ ಹಾಗೇ ತಲೆ ಎತ್ತಿದಳು.

"ಒಂದೂ ಗಂಟಿಲ್ಲ. ಯಾರು ತೊಳಸಿದ್ದು?"

ನಾನು ಅತ್ತೆಯ ಕಡೆ ತಿರುಗಿದೆ. ಸಾರಿನ ಪಾತ್ರೆ ಹಿಡಿದು ನಿಂತಿದ್ದ ಅತ್ತೆ ಹೇಳಿದರು:

"ನಾನೇ ಕಣಮ್ಮ."